ಹಿತ್ತಲ ಓಣಿಗೆ ಬಂದ ಬಣ್ಣ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂಬದಿಗಿರುವ ಕನ್ಸರ್ವೆನ್ಸಿ ಗಲ್ಲಿಗಳನ್ನು ನೀವು ನೋಡಿರಬಹುದು. ಮಲ ಹೊರುವವರ ಓಡಾಟಕ್ಕೆಂದು ಬಿಟ್ಟಿದ್ದ ದಾರಿಗಳವು. ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲೂ ಇಂತಹ ಓಣಿಗಳಿದ್ದವು. ಇಂದು ಅವುಗಳನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಾರೆ. ಈ ಬದಲಾವಣೆ ಹೇಗಾಯಿತು?

1837ರಲ್ಲಿ ರಾಬರ್ಟ್ ಹಾಡ್ಲ್ ಎಂಬ ಸರ್ವೇಯರ್ ಈ ನಗರದ ನಕ್ಷೆ ಹಾಕಿದಾಗ ದೊಡ್ಡ ಬೀದಿಗಳಿಗೆ 99 ಅಡಿ, ಚಿಕ್ಕ ಬೀದಿಗಳಿಗೆ 33 ಅಡಿ ಅಗಲ ಇಟ್ಟನು. 1851ರಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿ ಜನ ನುಗ್ಗಿ ಬಂದರು. ನಿವೇಶನಗಳು ತುಂಡುತುಂಡಾದವು, ಒಳಗಿನ ತುಂಡುಗಳಿಗೆ ದಾರಿಯಾಗಿ ಓಣಿಗಳು ಹುಟ್ಟಿದವು. ಸರಕು ಗಾಡಿ, ಕಸ, ಮಲದ ಡಬ್ಬಿ ಎಲ್ಲವೂ ಅಲ್ಲಿಂದಲೇ ಸಾಗುತ್ತಿದ್ದವು. ಒಳಚರಂಡಿ ಸಂಪರ್ಕ ಆರಂಭವಾದದ್ದು 1897ರಲ್ಲಿ.

ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಕಟ್ಟಡಗಳು ಎಷ್ಟೋ ಓಣಿಗಳನ್ನು ನುಂಗಿಹಾಕಿದವು. 1980ರ ದಶಕದ ಹೊತ್ತಿಗೆ ಕಚೇರಿ ಬಿಟ್ಟ ಮೇಲೆ ನಗರದ ನಡುಭಾಗ ಬಿಕೋ ಎನ್ನುತ್ತಿತ್ತು. 1992ರಲ್ಲಿ ‘ಪೋಸ್ಟ್‌ಕೋಡ್ 3000’ ಯೋಜನೆ ಅಲ್ಲಿ ವಾಸಿಸಲು ಜನರನ್ನು ಕರೆತಂದಿತು. 1994ರಲ್ಲಿ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಅವರೊಡನೆ ನಗರಾಡಳಿತ ನಡೆಸಿದ ಅಧ್ಯಯನ, ಕಾಲ್ನಡಿಗೆಯವರ ದೃಷ್ಟಿಯಿಂದ ನಗರವನ್ನು ನೋಡಿತು. ಓಣಿಗಳ ಕಡೆಗೆ ಅಂಗಡಿ, ಕಾಫಿ ಹೋಟೆಲುಗಳ ಬಾಗಿಲು ತೆರೆದವು. 2001ರಲ್ಲಿ ನಗರಾಡಳಿತವೇ ಓಣಿಗಳಲ್ಲಿ ತಾತ್ಕಾಲಿಕ ಕಲಾಕೃತಿಗಳನ್ನು ಮಾಡಿಸತೊಡಗಿತು.

ಇಲ್ಲಿ ಗಮನಿಸಿ: ಮೊದಲು ಬಂದವರು ಜನ, ನಗರಾಡಳಿತ ಕಲೆಗೆ ಹಣ ಕೊಟ್ಟದ್ದು ಆಮೇಲೆ.

ಆದರೆ ಗೋಡೆಯ ಚಿತ್ರ ಯಾರದು? ಹೋಸಿಯರ್ ಲೇನ್ ಎಂಬ ಪ್ರಸಿದ್ಧ ಓಣಿಯಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. 2010ರಲ್ಲಿ ವಿಶ್ವವಿಖ್ಯಾತ ಬ್ಯಾಂಕ್ಸಿ ಬರೆದ ಇಲಿಯ ಚಿತ್ರದ ಮೇಲೆ ನಗರಾಡಳಿತದ ಕೆಲಸಗಾರರೇ ಅರಿಯದೆ ಬಣ್ಣ ಬಳಿದುಬಿಟ್ಟರು. 2020ರಲ್ಲಿ ಮುಸುಕುಧಾರಿಗಳು ಬೆಂಕಿ ಆರಿಸುವ ಸಿಲಿಂಡರುಗಳಲ್ಲಿ ಬಣ್ಣ ತುಂಬಿ ಇಡೀ ಓಣಿಗೆ ಚಿಮ್ಮಿಸಿದರು. ಕಲಾವಿದರು ಮತ್ತೆ ಚಿತ್ರ ಬರೆದರು. ಚಿತ್ರ ಅಳಿದರೆ ಇನ್ನೊಂದನ್ನು ಬರೆಯಬಹುದು. ಕಟ್ಟಡ ನುಂಗಿದ ಓಣಿ ಮರಳಿ ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಪೇಟೆಯಲ್ಲೂ ಇಂತಹ ಓಣಿ ಇರಬಹುದು. ಬ್ರಷ್ ಹಿಡಿಯುವ ಮೊದಲು ಅಲ್ಲಿನ ಹಿರಿಯರನ್ನು ಮಾತನಾಡಿಸಿ, ಅದರ ಚರಿತ್ರೆ ಬರೆದಿಡಿ, ಗೋಡೆಯ ಒಡೆಯರ ಒಪ್ಪಿಗೆ ಪಡೆಯಿರಿ. ಅಲ್ಲಿ ದಿನವೂ ಓಡಾಡುವವರಿಗೆ ಆ ಓಣಿ ತಮ್ಮದೆನಿಸಿದರೆ, ಅದನ್ನು ಕಾಯುವವರೂ ಅವರೇ ಆಗುತ್ತಾರೆ.