ಕೊಕ್ಕರೆ ಬೆಳ್ಳೂರಿನ ಹಕ್ಕಿಗಳೂ ಸುತ್ತಣ ಕೆರೆಗಳೂ

ನಮ್ಮ ನಾಡಿನ ಪಕ್ಷಿಧಾಮಗಳ ಚರಿತ್ರೆ ಬಹುಮಟ್ಟಿಗೆ ಅರಸರ ಅಥವಾ ಸರ್ಕಾರದ ಆಜ್ಞೆಯಿಂದ ಆರಂಭವಾಗುತ್ತದೆ. ಮಂಡ್ಯ ಜಿಲ್ಲೆಯ ರಂಗನತಿಟ್ಟಿಗೆ 1940ರಲ್ಲಿ ರಕ್ಷಣೆ ದೊರೆತದ್ದು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಗೆ ಮೈಸೂರು ಮಹಾರಾಜರು ಕಿವಿಗೊಟ್ಟದ್ದರಿಂದ. ಅದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಕಥೆ ಬೇರೆ. ಅಲ್ಲಿ ಆಜ್ಞೆಗಿಂತ ಮೊದಲೇ ಆಚಾರವಿತ್ತು.

ಶಿಂಷಾ ನದಿಗೆ ಸಮೀಪದ ಈ ಹಳ್ಳಿಯಲ್ಲಿ ಮನೆಗಳ ನಡುವಣ ಹುಣಸೆ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಇವನ್ನು ಭಾವಿಸುತ್ತಾರೆ. ಪ್ಲೇಗಿನ ಕಾಲದಲ್ಲಿ ಜನ ನದೀತೀರದ ಹಳೆಯ ಊರನ್ನು ತೊರೆದು ಈಗಿನ ನೆಲೆಗೆ ಬಂದಾಗ ಹಕ್ಕಿಗಳೂ ಹಿಂಬಾಲಿಸಿ ಬಂದುವೆಂಬುದು ಅಲ್ಲಿಯ ಐತಿಹ್ಯ. ಈ ಮಮತೆಯ ಹಿಂದೆ ನಷ್ಟವೂ ಉಂಟು, ಲಾಭವೂ ಉಂಟು. ಗೂಡುಗಳಿರುವ ಮರದ ಹುಣಸೆ ಫಸಲು ಕೈಗೆ ಹತ್ತುವುದು ಕಷ್ಟ. ಆದರೆ ಮರದ ಬುಡದಲ್ಲಿ ಬಿದ್ದ ಹಿಕ್ಕೆ ಕೆರೆಯ ಗೋಡಿನೊಡನೆ ಬೆರೆತು ಹೊಲಕ್ಕೆ ಒಳ್ಳೆಯ ಗೊಬ್ಬರವಾಗುತ್ತದೆ.

ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ತಾಣವನ್ನು ಕಂಡು ವಿದ್ವತ್ಪತ್ರಿಕೆಯಲ್ಲಿ ಬರೆದ ತರುವಾಯ ಹೊರಗಿನವರ ಗಮನ ಇತ್ತ ಹರಿಯಿತು. ಮುಂದೆ ಅರಣ್ಯ ಇಲಾಖೆ ಮರಗಳ ಒಡೆಯರಿಗೆ ಪರಿಹಾರಧನ ಕೊಡತೊಡಗಿತು. 1994ರಲ್ಲಿ ಮೈಸೂರಿನ ಪಕ್ಷಿಪ್ರೇಮಿಗಳೂ ಊರಿನ ತರುಣರೂ ಕೂಡಿ ಹೆಜ್ಜಾರ್ಲೆ ಬಳಗವನ್ನು ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನುಣಿಸಿ ಸಾಕುವ ಕೆಲಸ ಮೊದಲಾಯಿತು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಹಕ್ಕಿಗಳಿಗೆ ಬೆಳ್ಳೂರು ಸೂತಿಕಾಗೃಹವೇ ಹೊರತು ಅಡುಗೆಮನೆಯಲ್ಲ. ಅವು ಅನ್ನವನ್ನು ಅರಸಿ ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆಗಳಂಥ ದೂರದ ನೀರುಗಳಿಗೆ ಹಾರಬೇಕು. ಕೆರೆ ಕಟ್ಟಿಸುವುದು ಪುಣ್ಯಕಾರ್ಯವೆಂದು ಶಾಸನಗಳು ಹಾಡಿದ ನಾಡಿದು. ನೀರಗಂಟಿ ತೂಬನ್ನು ಕಾಯುತ್ತಿದ್ದ, ರೈತರು ಬೇಸಗೆಯಲ್ಲಿ ಗೋಡು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲು ಹಸಿರಾಯಿತು. ಆದರೆ ನಾಲೆಯನ್ನು ನಂಬಿದ ರೈತನಿಗೆ ಕೆರೆಯ ಹಂಗು ಕಡಿಮೆಯಾಯಿತು. ಹಂಗು ತಪ್ಪಿದಲ್ಲಿ ಹೂಳು ತುಂಬಿತು, ಜೊಂಡು ಬೆಳೆಯಿತು. ಗದ್ದೆಯ ರಸಗೊಬ್ಬರವೂ ಪಟ್ಟಣದ ಕೊಳಚೆಯೂ ತಗ್ಗಿನ ನೀರಿಗೆ ಇಳಿದುವು.

2017ರ ಕೊನೆಯಿಂದ 2018ರವರೆಗೆ ಬೆಳ್ಳೂರಿನಲ್ಲಿ ಹತ್ತಾರು ಹೆಜ್ಜಾರ್ಲೆಗಳು ಸತ್ತುಬಿದ್ದುವು. ಪರೀಕ್ಷಿಸಿದಾಗ ಅವುಗಳ ಒಡಲಲ್ಲಿ ದುಂಡುಹುಳುಗಳು ಕಂಡುವು. ಈ ಹುಳು ನೀರಿನ ಸೂಕ್ಷ್ಮಜೀವಿಗಳಿಂದ ಮೀನಿಗೂ ಮೀನಿನಿಂದ ಹಕ್ಕಿಗೂ ದಾಟುವಂಥದು. ತವರಿನ ಮರದಡಿ ಎಷ್ಟು ಕಟ್ಟೆಚ್ಚರದ ಕಾವಲಿದ್ದರೂ ಇಂಥ ರೋಗವನ್ನು ತಡೆಯಲಾಗದು.

ಒಂದು ಹಳ್ಳಿ ತನ್ನ ಪಾಲಿನ ಋಣವನ್ನು ತಲೆಮಾರುಗಳಿಂದ ತೀರಿಸುತ್ತ ಬಂದಿದೆ. ಕೋಡಿಯನ್ನು ಸರಿಪಡಿಸುವುದು, ಕೊಳಚೆಯನ್ನು ತಡೆಯುವುದು, ಏರಿಯನ್ನು ಒತ್ತುವರಿಯಿಂದ ಉಳಿಸುವುದು ಆ ಹಳ್ಳಿಯೊಂದರಿಂದ ಆಗುವ ಕೆಲಸವಲ್ಲ. ಅದು ಕೆರೆಯ ನೀರುಣ್ಣುವ ಊರುಗಳ ಹೊಣೆ. ಕೊಳಚೆಯನ್ನು ಕಳಿಸುವ ಪಟ್ಟಣಗಳ ಹೊಣೆ ಅದಕ್ಕಿಂತ ಹೆಚ್ಚಿನದು.