ಹೊಸ ಗ್ರಾಫಿಕ್ಸ್ ಕಾರ್ಡ್ ಬ್ಲೆಂಡರ್‌ನಲ್ಲಿ ಕಾಣಿಸುತ್ತಿಲ್ಲವೇ? ಕೊಳ್ಳುವ ಮುನ್ನ ಇದನ್ನು ತಿಳಿಯಿರಿ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯಲ್ಲಿ ಅನಿಮೇಷನ್ ಕಲಿಯುವ ಕನ್ನಡಿಗ ಯುವಜನರು ಗ್ರಾಫಿಕ್ಸ್ ಕಾರ್ಡ್ ಬೇಕೆಂದರೆ ಲೋಕಲ್ ರೈಲು ಹಿಡಿದು ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆಗೂ ಹೋಗುತ್ತಾರೆ. ಆದರೆ ಸಾವಿರಾರು ರೂಪಾಯಿ ಕೊಟ್ಟು ತಂದ ಕಾರ್ಡನ್ನು ಬ್ಲೆಂಡರ್ ಗುರುತಿಸದಿದ್ದರೆ? ಹಲವು ಬಾರಿ ದೋಷ ಕಾರ್ಡಿನದ್ದಲ್ಲ, ಸಾಫ್ಟ್‌ವೇರ್ ಆವೃತ್ತಿಯದ್ದು.

ಬ್ಲೆಂಡರ್, ಸೈಕಲ್ಸ್ ಎಂದರೇನು?

ಬ್ಲೆಂಡರ್ ಉಚಿತ 3ಡಿ ಸಾಫ್ಟ್‌ವೇರ್. 2002ರಲ್ಲಿ ಇದು ಮುಕ್ತ ತಂತ್ರಾಂಶವಾಯಿತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ 'ಫ್ಲೋ' ಚಿತ್ರ ತಯಾರಾಗಿದ್ದು ಬ್ಲೆಂಡರ್‌ನಲ್ಲೇ. ಬೆಳಕು-ನೆರಳನ್ನು ಲೆಕ್ಕ ಹಾಕಿ ಅಂತಿಮ ಚಿತ್ರ ಕೊಡುವ ಇದರ ರೆಂಡರ್ ಎಂಜಿನ್‌ಗಳಲ್ಲಿ ಸೈಕಲ್ಸ್ ಒಂದು. ಇದು 2011ರಲ್ಲಿ ಸೇರ್ಪಡೆಯಾಯಿತು.

ಯಾವ ಕಾರ್ಡ್‌ಗೆ ಯಾವ ತಂತ್ರಜ್ಞಾನ?

* ಎನ್‌ವಿಡಿಯಾ: ಕುಡಾ ಮತ್ತು ಆಪ್ಟಿಕ್ಸ್
* ಎಎಂಡಿ: ಹಿಪ್ (ಬ್ಲೆಂಡರ್ 3.0ರಿಂದ)
* ಆಪಲ್: ಮೆಟಲ್ (3.1ರಿಂದ)
* ಇಂಟೆಲ್ ಆರ್ಕ್: ಒನ್‌ಎಪಿಐ (3.3ರಿಂದ)

ಹೊಸ ಪೀಳಿಗೆ ಬಂದಾಗ ಏನಾಗುತ್ತದೆ?

ಪ್ರತಿ ಪೀಳಿಗೆಯ ಚಿಪ್‌ನ ಒಳವಿನ್ಯಾಸ ಬೇರೆ. ಹಾಗಾಗಿ ಸೈಕಲ್ಸ್‌ನ 'ಕರ್ನಲ್' ಎಂಬ ಲೆಕ್ಕಾಚಾರದ ಕೋಡನ್ನು ಆ ಚಿಪ್‌ಗೆ ತಕ್ಕಂತೆ ಸಿದ್ಧಪಡಿಸಬೇಕು. ಎನ್‌ವಿಡಿಯಾ ಕಾರ್ಡ್ ಬ್ಲೆಂಡರ್‌ಗಿಂತ ಹೊಸದಾಗಿದ್ದರೆ, ಡ್ರೈವರ್ ತಾನೇ ಕರ್ನಲ್ ಸಿದ್ಧಪಡಿಸಬಲ್ಲದು. ಮೊದಲ ರೆಂಡರ್‌ಗೆ ಕೆಲವು ನಿಮಿಷ ಹಿಡಿಯುವುದು ಇದಕ್ಕೇ. ಕಾರ್ಡ್ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ. ಎಎಂಡಿಯಲ್ಲಿ ಸಾಮಾನ್ಯವಾಗಿ ಹೊಸ ಪೀಳಿಗೆಯ ಬೆಂಬಲವಿರುವ ಬ್ಲೆಂಡರ್ ಆವೃತ್ತಿಯೇ ಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ, ಎಚ್ಚರ!

2021ರ ಡಿಸೆಂಬರ್‌ನಲ್ಲಿ ಬಂದ ಬ್ಲೆಂಡರ್ 3.0 ಓಪನ್‌ಸಿಎಲ್ ಬೆಂಬಲವನ್ನು ಕೈಬಿಟ್ಟಿತು. ಇದರಿಂದ ಆರ್‌ಎಕ್ಸ್ 580ರಂತಹ ಎಎಂಡಿ ಕಾರ್ಡ್‌ಗಳು ಸೈಕಲ್ಸ್ ಜಿಪಿಯು ರೆಂಡರಿಂಗ್‌ನಿಂದ ಹೊರಬಿದ್ದವು. ಗೇಮ್ ಆಡಲು ಸಾಕಾಗುವ ಕಾರ್ಡ್ ರೆಂಡರಿಂಗ್‌ಗೆ ಸಾಲದು ಎಂಬುದಕ್ಕೆ ಇದೇ ಸಾಕ್ಷಿ. ಎನ್‌ವಿಡಿಯಾ ಕೂಡ 2025ರಲ್ಲಿ ಬಿಡುಗಡೆ ಮಾಡಿದ ಕುಡಾ 13ರಲ್ಲಿ ಜಿಟಿಎಕ್ಸ್ 10 ಸರಣಿಯ ಪಾಸ್ಕಲ್ ಚಿಪ್‌ಗಳನ್ನು ಕೈಬಿಟ್ಟಿದೆ. ಇಂತಹ ಕಾರ್ಡ್ ಕಡಿಮೆ ಬೆಲೆಗೆ ಸಿಕ್ಕರೂ ಎಷ್ಟು ಕಾಲ ಬಾಳುತ್ತದೆ ಎಂದು ಯೋಚಿಸಿ.

ಹಣ ಕೊಡುವ ಮುನ್ನ ಏನು ಮಾಡಬೇಕು?

* ಬ್ಲೆಂಡರ್ ಕೈಪಿಡಿಯ 'ಜಿಪಿಯು ರೆಂಡರಿಂಗ್' ಪುಟದಲ್ಲಿ ಕಾರ್ಡಿನ ಪೀಳಿಗೆ ಇದೆಯೇ ನೋಡಿ.
* 'ಬ್ಲೆಂಡರ್ ಓಪನ್ ಡೇಟಾ' ತಾಣದಲ್ಲಿ ಅದರ ವೇಗವನ್ನು ಇತರ ಕಾರ್ಡ್‌ಗಳೊಂದಿಗೆ ಹೋಲಿಸಿ.
* ಕಾರ್ಡಿನ ಮೆಮೊರಿ ಗಮನಿಸಿ. ದೊಡ್ಡ ದೃಶ್ಯ ಅದರಲ್ಲಿ ಹಿಡಿಸದಿದ್ದರೆ ರೆಂಡರ್ ನಿಧಾನವಾಗಬಹುದು ಅಥವಾ ನಿಲ್ಲಬಹುದು.
* ಕಾರ್ಡ್ ಹಾಕಿದ ಮೇಲೆ ಡ್ರೈವರ್ ಅಪ್‌ಡೇಟ್ ಮಾಡಿ, ಎಡಿಟ್ > ಪ್ರಿಫರೆನ್ಸಸ್ > ಸಿಸ್ಟಮ್‌ನಲ್ಲಿ ಕಾರ್ಡನ್ನು ಆಯ್ಕೆ ಮಾಡಿ. ನಂತರ ರೆಂಡರ್ ಸೆಟ್ಟಿಂಗ್‌ನಲ್ಲಿ 'ಜಿಪಿಯು ಕಂಪ್ಯೂಟ್' ಆರಿಸಿ. ಇದನ್ನು ಮರೆತರೆ ಕೆಲಸವೆಲ್ಲ ಸಿಪಿಯು ಮೇಲೆಯೇ ಬೀಳುತ್ತದೆ.

ಕಾರ್ಡ್ ಕೊಳ್ಳುವಷ್ಟು ಹಣ ಸದ್ಯಕ್ಕಿಲ್ಲವೇ? ಸೈಕಲ್ಸ್ ಸಿಪಿಯುನಲ್ಲೂ ಕೆಲಸ ಮಾಡುತ್ತದೆ, ಆದರೆ ನಿಧಾನ. ಪೊವಾಯಿಯ ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಬ್ಲೆಂಡರ್ ಪಾಠಗಳು ಉಚಿತವಾಗಿ ಸಿಗುತ್ತವೆ. ಕಲಿಕೆ ಅಲ್ಲಿಂದಲೇ ಆರಂಭವಾಗಲಿ, ಕಾರ್ಡ್ ಆಮೇಲೆ ಬಂದರೂ ಸರಿ.