ಜಾಲಹಳ್ಳಿಯ ಸ್ವಂತ ಮನೆ, ಹೆಬ್ಬಾಳದ ಬಾಡಿಗೆ ಮನೆ: ಒಂದು ವಿಂಡೋ ಕಥೆ

ಈ ಎಪಿಸೋಡ್ ಕೇಳೋಕೆ ನೀವೆಲ್ಲ ಈಗಷ್ಟೇ ಫೋನ್ ಮೇಲೆ ಒಂದು ಐಕಾನ್ ಒತ್ತಿದ್ದೀರಿ. ಪರದೆ ತುಂಬ ಒಂದು ಆ್ಯಪ್ ತೆರೆದುಕೊಳ್ತು. ಅಷ್ಟು ಹೊತ್ತಲ್ಲಿ ಒಳಗೆ ಒಂದು ಸಣ್ಣ ವ್ಯವಹಾರ ನಡೆದಿದೆ. ಆ್ಯಪ್ ಹೋಗಿ ಫೋನಿನ ಸಿಸ್ಟಮ್ ಹತ್ತಿರ, "ನನಗೊಂದು ಜಾಗ ಕೊಡಿ, ಚಿತ್ರ ಬರೀಬೇಕು" ಅಂತ ಕೇಳಿದೆ. ಸಿಸ್ಟಮ್, "ತಗೋ, ಇಷ್ಟು ಅಗಲ, ಇಷ್ಟು ಎತ್ತರ" ಅಂತ ಕೊಟ್ಟಿದೆ. ಆ ಜಾಗದ ಹೆಸರೇ ವಿಂಡೋ.

ಇವತ್ತಿನ ವಿಷಯ ಈ ವಿಂಡೋ. ಬೋರ್ ಅನ್ನಿಸಬಹುದು, ಆದ್ರೆ ಇದರ ಇತಿಹಾಸದ ಒಂದು ಒಳ್ಳೆ ಅಧ್ಯಾಯ ನಡೆದಿರೋದು ನಮ್ಮ ಉತ್ತರ ಬೆಂಗಳೂರಲ್ಲೇ. ಯಶವಂತಪುರದ ಪಕ್ಕ, ಜಾಲಹಳ್ಳಿಯಲ್ಲಿ, ಹೆಬ್ಬಾಳದಲ್ಲಿ. ಆ ಅಧ್ಯಾಯದಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ಒಂದು ಕಹಿ ಪಾಠವೂ ಇದೆ. ನಾನು ಬಿಕಾಂ ಓದಿದವನು, ಕೋಡ್ ಬರೆಯೋನಲ್ಲ. ಹಾಗಾಗಿ ಈ ಕಥೆಯನ್ನ ಲೆಕ್ಕದ ಪುಸ್ತಕದ ಕಡೆಯಿಂದ ಹೇಳ್ತೀನಿ.

ಮೊದಲು ಒಂದು ಹೋಲಿಕೆ. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ ಅಂದ್ಕೊಳ್ಳಿ. ಆ್ಯಪ್ ಅನ್ನೋದು ಬಾಡಿಗೆದಾರ. ಆಪರೇಟಿಂಗ್ ಸಿಸ್ಟಮ್ ಅನ್ನೋದು ಓನರ್. ಮನೆ ಒಳಗೆ ಸೋಫಾ ಎಲ್ಲಿಡಬೇಕು ಅನ್ನೋದು ಬಾಡಿಗೆದಾರನ ಇಷ್ಟ. ಗೋಡೆ, ಗೇಟು, ನೀರಿನ ಮೋಟಾರು ಮಾತ್ರ ಓನರ್ ಕೈಯಲ್ಲಿ. ನೀವು ಫೋನ್ ಅಡ್ಡ ಹಿಡಿದ್ರೆ ಮನೆಯ ಅಳತೆಯೇ ಬದಲಾಯ್ತು ಅಂತ ಓನರ್ ಬಂದು ಹೇಳ್ತಾನೆ. ಬಾಡಿಗೆದಾರ ಸಾಮಾನು ಮತ್ತೆ ಜೋಡಿಸ್ಕೋಬೇಕು. ಕಾಲ್ ಬಂದ್ರೆ, "ಸ್ವಲ್ಪ ಹೊರಗಿರು" ಅಂತಾನೆ. ಇರಬೇಕು, ಬೇರೆ ದಾರಿ ಇಲ್ಲ.

ಕಂಪ್ಯೂಟರ್ ಮೇಲೂ ಇದೇ. ನೀವು ಮೇಲಿನ ಮೂಲೆಯ ಇಂಟು ಗುರುತು ಒತ್ತಿದಾಗ ಪ್ರೋಗ್ರಾಮ್ ತಾನಾಗೇ ಮುಚ್ಚಲ್ಲ. "ಇವರು ಮುಚ್ಚು ಅಂತಿದ್ದಾರೆ" ಅಂತ ಅದಕ್ಕೆ ಒಂದು ಸಂದೇಶ ಹೋಗುತ್ತೆ. ಆಗ ಅದು "ಸೇವ್ ಮಾಡ್ಬೇಕಾ?" ಅಂತ ಕೇಳುತ್ತೆ. ಕೀ ಒತ್ತಿದ್ದು, ಮೌಸ್ ಅಲ್ಲಾಡಿದ್ದು, ಅಳತೆ ಬದಲಾಗಿದ್ದು, ಎಲ್ಲವೂ ಸಂದೇಶವೇ. ವಿಂಡೋ ಇರೋವರೆಗೂ ಆ ಸಂದೇಶಗಳಿಗೆ ಉತ್ತರ ಕೊಡ್ತಾ ಕೂರೋದೇ ಪ್ರೋಗ್ರಾಮಿನ ಕೆಲಸ.

ಸಮಸ್ಯೆ ಏನಪ್ಪಾ ಅಂದ್ರೆ, ಒಬ್ಬೊಬ್ಬ ಓನರ್‌ದು ಒಂದೊಂದು ರೂಲ್ಸು. ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ವಿಂಡೋ ಕೇಳೋ ಕ್ರಮ ಒಂದು, ಆ್ಯಪಲ್ ಮ್ಯಾಕ್‌ನಲ್ಲಿ ಇನ್ನೊಂದು. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಬಹಳ ಕಾಲ ನಡೆದಿದ್ದು ಎಕ್ಸ್ ವಿಂಡೋ ಸಿಸ್ಟಮ್. ಅದು ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಶುರುವಾಯ್ತು. ಅದರಲ್ಲಿ ಜಾಗ ಕೊಡೋನು ಒಬ್ಬ, ಆ ಜಾಗದ ಸುತ್ತ ಚೌಕಟ್ಟು ಹಾಕಿ ಮೇಲೆ ಹೆಸರಿನ ಪಟ್ಟಿ ಕಟ್ಟೋನು ಇನ್ನೊಬ್ಬ. ಎರಡನೆಯವನಿಗೆ ವಿಂಡೋ ಮ್ಯಾನೇಜರ್ ಅಂತಾರೆ. ಈ ಹೆಸರು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಒಂದೇ ಸಾಫ್ಟ್‌ವೇರ್ ಮೂರೂ ಕಡೆ ಓಡಬೇಕಾದ್ರೆ? ಮೂರು ಸಲ ಬರೀಬೇಕು, ಇಲ್ಲಾ ಮಧ್ಯೆ ಒಬ್ಬ ಬ್ರೋಕರ್ ಬೇಕು. ಆ ಬ್ರೋಕರ್‌ಗಳು 1990ರ ದಶಕದಲ್ಲಿ ಸಾಲಾಗಿ ಬಂದ್ರು. 1995ರಲ್ಲಿ ಜಾವಾ ಬಂತು, ಒಮ್ಮೆ ಬರೆದು ಎಲ್ಲಿ ಬೇಕಾದ್ರೂ ಓಡಿಸಿ ಅನ್ನೋ ಮಾತಿನ ಜೊತೆ. ನಾರ್ವೆಯ ಇಬ್ಬರು ಎಂಜಿನಿಯರ್‌ಗಳು ಕ್ಯೂಟಿ ಅನ್ನೋ ಟೂಲ್‌ಕಿಟ್ ಮಾಡಿದ್ರು. ಆಟಗಳಿಗೆ ಅಂತ 1998ರಲ್ಲಿ ಎಸ್‌ಡಿಎಲ್ ಬಂತು. ಎಲ್ಲರ ಮಾತೂ ಒಂದೇ: "ನೀವು ನನ್ನ ಹತ್ತಿರ ಒಂದು ಸಲ ಕೇಳಿ, ಯಾವ ಓನರ್ ಹತ್ತಿರ ಹೇಗೆ ಮಾತಾಡಬೇಕೋ ನಾನು ನೋಡ್ಕೋತೀನಿ."

ಈಗ ನಮ್ಮೂರಿಗೆ ಬರೋಣ.

ಯಶವಂತಪುರದಿಂದ ಮಲ್ಲೇಶ್ವರದ ಕಡೆ ಹೋಗುವಾಗ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತಲ್ಲ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ಅಲ್ಲಿದ್ದ ನಾಲ್ಕು ಜನ ಪ್ರಾಧ್ಯಾಪಕರು: ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್. ಇವರೂ, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಜೊತೆಯವರೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದ್ರು. ಉದ್ದೇಶ ಸರಳ: ಹಳ್ಳಿಯ ಮನುಷ್ಯನ ಕೈಗೆ ಎಟುಕೋ, ಅವನ ಭಾಷೆಯಲ್ಲಿ ಮಾತಾಡೋ ಒಂದು ಪುಟ್ಟ ಕಂಪ್ಯೂಟರ್.

2001ರ ಏಪ್ರಿಲ್ 25ರಂದು ಸಿಂಪ್ಯೂಟರ್ ಮಾದರಿ ಹೊರಗೆ ಬಂತು. ಅಂಗೈಯಗಲದ ಯಂತ್ರ. 320 x 240 ಚುಕ್ಕಿಗಳ ಪರದೆ, ಕಡ್ಡಿಯಿಂದ ಮುಟ್ಟಿ ನಡೆಸೋದು. ಒಳಗೆ 206 ಮೆಗಾಹರ್ಟ್ಸ್ ಪ್ರೊಸೆಸರ್, ಲಿನಕ್ಸ್. ಗುರಿ ಇಟ್ಟುಕೊಂಡಿದ್ದ ಬೆಲೆ ಸುಮಾರು 9,000 ರೂಪಾಯಿ. ಆ ವರ್ಷದ ಹೊಸ ಐಡಿಯಾಗಳ ಪಟ್ಟಿ ಮಾಡಿದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಗಜೀನ್‌ನಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಇದನ್ನ ಹಾಡಿ ಹೊಗಳಿದ್ರು. ಐಫೋನ್ ಬರೋಕೆ ಇನ್ನೂ ಆರು ವರ್ಷ ಇತ್ತು, ನೆನಪಿರಲಿ.

ನನಗೆ ಇದರಲ್ಲಿ ಬಹಳ ಇಷ್ಟವಾಗೋದು ಎರಡು ಯೋಚನೆ. ಒಂದು, ಸ್ಮಾರ್ಟ್ ಕಾರ್ಡ್. ಯಂತ್ರ ಊರಿಗೊಂದು, ಕಾರ್ಡ್ ಆಳಿಗೊಂದು. ನೀವು ನಿಮ್ಮ ಕಾರ್ಡ್ ಹಾಕಿದ್ರೆ ಪರದೆ ಆ ಹೊತ್ತಿಗೆ ನಿಮ್ಮದು. ಎರಡು, ಐಎಂಎಲ್ ಅನ್ನೋ ಗುರುತು ಭಾಷೆ. ಒಬ್ಬ ಬೆಳೆ ಬೆಲೆಯ ಮಾಹಿತಿ ಬರೆದ ಅಂದ್ಕೊಳ್ಳಿ. ಅದು ಒಂದು ಪಠ್ಯ ಕಡತ ಅಷ್ಟೇ. ಆ ಕಡತ ಓದಿ ಪರದೆ ಮೇಲೆ ಜೋಡಿಸೋದು, ಬೇಕಾದ್ರೆ ಧ್ವನಿಯಲ್ಲಿ ಓದಿ ಹೇಳೋದು ಯಂತ್ರದ ಕೆಲಸ. ಯಂತ್ರ ಯಾವ ಕಂಪನಿಯದ್ದಾದರೂ ಸರಿ. ಅಂದ್ರೆ ಬರೆಯೋನು ವಿಂಡೋ ಬಗ್ಗೆ ತಲೆ ಕೆಡಿಸ್ಕೊಳ್ಳೋದೇ ಬೇಡ. ಧ್ವನಿಗೆ ಅಂತ ರಮೇಶ್ ಹರಿಹರನ್ ಅವರು ಮಾಡಿದ ತಂತ್ರಾಂಶದ ಹೆಸರೇ 'ಧ್ವನಿ'. ಅದು ಕನ್ನಡ ಓದ್ತಿತ್ತು.

ಅದೇ ನಾಲ್ಕು ಪ್ರಾಧ್ಯಾಪಕರು ಸಿಂಪ್ಯೂಟರ್ ಮಾರೋಕೆ ಪಿಕೋಪೆಟಾ ಅಂತ ಕಂಪನಿ ಮಾಡಿದ್ರು. 2004ರ ಏಪ್ರಿಲ್‌ನಲ್ಲಿ ಅಮಿಡಾ ಸಿಂಪ್ಯೂಟರ್ ಬಂತು. ತಯಾರಿಸಿದ್ದು ಜಾಲಹಳ್ಳಿಯ ಬಿಇಎಲ್. ಹೌದು, ನಮ್ಮ ಬಿಇಎಲ್ ಸರ್ಕಲ್‌ನ ಬಿಇಎಲ್, ಮತಯಂತ್ರ ಮಾಡೋ ಬಿಇಎಲ್. ಅಮಿಡಾದಲ್ಲಿ ಅಲುಗಾಟ ಗುರುತಿಸೋ ಸೆನ್ಸರ್ ಇತ್ತು. ಯಂತ್ರವನ್ನ ಕೈಯಲ್ಲಿ ವಾಲಿಸಿದ್ರೆ ಪುಟ ತಿರುಗ್ತಿತ್ತು. ಬೆಲೆ 10,000 ರೂಪಾಯಿ ಒಳಗಿಂದ ಶುರು. ಮತ್ತು ಅದಕ್ಕೆ ಅದರದ್ದೇ ವಿಂಡೋ ಮ್ಯಾನೇಜರ್ ಇತ್ತು. ಹೆಸರು ಆಲ್ಕೆಮಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಬಾಡಿಗೆದಾರನಾಗಿ ಸಾಕಾಯ್ತು, ನಾವೇ ಓನರ್ ಆಗೋಣ ಅಂತ ಜಾಲಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿದ ಹಾಗೆ ಇದು. ಚೌಕಟ್ಟು ನಮ್ಮದು, ಹೆಸರಿನ ಪಟ್ಟಿ ನಮ್ಮದು, ಅದರ ಮೇಲೆ ಕನ್ನಡ ಅಕ್ಷರ ಬರಬೇಕಾದ್ರೆ ಯಾರ ಅಪ್ಪಣೆಯೂ ಬೇಡ.

ಅದು ಯಾಕೆ ದೊಡ್ಡ ವಿಷಯ ಅಂದ್ರೆ, ಆ ಕಾಲದ ಮಾಮೂಲಿ ಕಂಪ್ಯೂಟರ್‌ನಲ್ಲಿ ಕನ್ನಡದ ಪಾಡು ಹೀಗಿತ್ತು. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್‌ಗಳಲ್ಲಿ ಬರೆದಾಗ, ಒಳಗೆ ಕೂತಿರ್ತಿದ್ದಿದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲಿಂದ ಕನ್ನಡ ಆಕಾರದ ಬಟ್ಟೆ ತೊಡಿಸ್ತಿದ್ರು. ವಿಂಡೋ ಒಳಗೆ ಚೆನ್ನಾಗಿ ಕಾಣ್ತಿತ್ತು. ಆದ್ರೆ ಮೇಲಿನ ಹೆಸರಿನ ಪಟ್ಟಿ ಬರೆಯೋದು ಓನರ್, ತನ್ನ ಫಾಂಟ್‌ನಲ್ಲಿ. ಅಲ್ಲಿ ಆ ಬಟ್ಟೆ ಕಳಚಿ ಬೀಳ್ತಿತ್ತು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಿತ್ತು. ಮನೆ ಒಳಗೆ ಕನ್ನಡ ಮಾತಾಡಿ, ಗೇಟಿನ ಬೋರ್ಡ್ ಮೇಲೆ ಬೇಡ ಅಂದ ಹಾಗೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ತುಂಗಾ ಫಾಂಟ್ ಸಮೇತ ಯೂನಿಕೋಡ್ ಕನ್ನಡ ತಂದಮೇಲೆ ಇದು ನಿಧಾನಕ್ಕೆ ಸರಿಹೋಯ್ತು.

ಸಿಂಪ್ಯೂಟರ್‌ಗೆ ಏನಾಯ್ತು? ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಒಂದಷ್ಟು ಬಳಸಿತು. ಆದ್ರೆ ಜನ ಮುಗಿಬಿದ್ದು ಕೊಳ್ಳಲಿಲ್ಲ. ಮಾರಾಟ ಕೆಲವು ಸಾವಿರಗಳಲ್ಲೇ ನಿಂತುಹೋಯ್ತು. ಕಾರಣ ಕೇಳಿದ್ರೆ ಬೆಲೆ ಅಂತಾರೆ, ಮೊಬೈಲ್ ಫೋನ್ ಅಗ್ಗವಾಯ್ತು ಅಂತಾರೆ. ಎರಡೂ ನಿಜ. ನಾನು ಇನ್ನೊಂದು ಸೇರಿಸ್ತೀನಿ. ಸ್ವಂತ ಮನೆ ಕಟ್ಟಿದ್ರೆ ಖರ್ಚೆಲ್ಲ ನಿಮ್ಮದೇ. ವಿಂಡೋ, ಮೆನು, ಕೀಬೋರ್ಡ್, ಫಾಂಟ್, ಎಲ್ಲ ಸ್ಥಿರ ವೆಚ್ಚ. ಕೋಟಿ ಯಂತ್ರ ಮಾರಿದ್ರೂ ಅಷ್ಟೇ ಖರ್ಚು, ನಾಲ್ಕು ಸಾವಿರ ಮಾರಿದ್ರೂ ಅಷ್ಟೇ. ಜೊತೆಗೆ, ಹೊರಗಿನ ಕಂಪನಿ ಒಂದು ಆ್ಯಪ್ ಬರೆಯೋ ಮುಂಚೆ ಕೇಳೋ ಮೊದಲ ಪ್ರಶ್ನೆ, ಎಷ್ಟು ಜನರ ಕೈಲಿದೆ ಅಂತ. ಕೆಲವೇ ಸಾವಿರ ಅಂದ್ರೆ ಯಾರೂ ಬರೆಯಲ್ಲ. ಆ್ಯಪ್ ಇಲ್ಲ ಅಂದ್ರೆ ಯಾರೂ ಕೊಳ್ಳಲ್ಲ. ಈ ಸುಳಿಯಿಂದ ಹೊರಗೆ ಬರೋದು ಬಹಳ ಕಷ್ಟ.

ಈಗ ಕಥೆಯ ಎರಡನೇ ಅರ್ಧ. ಅದೇ ನಾಲ್ಕು ಜನ, ಹೆಚ್ಚು ಕಮ್ಮಿ ಅದೇ ಸಮಯ. 2000ದಲ್ಲಿ ಅವರು ಸ್ಟ್ರ್ಯಾಂಡ್ ಜೀನೋಮಿಕ್ಸ್ ಅನ್ನೋ ಕಂಪನಿ ಶುರು ಮಾಡಿದ್ರು. ಆಮೇಲೆ ಅದು ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಆಯ್ತು. ಬಳ್ಳಾರಿ ರಸ್ತೆ, ಹೆಬ್ಬಾಳ, ಕಿರ್ಲೋಸ್ಕರ್ ಬಿಸಿನೆಸ್ ಪಾರ್ಕ್‌ನಲ್ಲಿ ಆಫೀಸು. ಮಾಡಿದ್ದು ಅವಾಡಿಸ್ ಅನ್ನೋ ಸಾಫ್ಟ್‌ವೇರ್ ವೇದಿಕೆ, ಜೀನ್‌ಗಳ ಮಾಹಿತಿ ವಿಶ್ಲೇಷಣೆಗೆ. ಅದು ಜಾವಾದಲ್ಲಿ ಬರೆದಿದ್ದು. ಅಮೆರಿಕದ ಎಜಿಲೆಂಟ್ ಕಂಪನಿ ಮಾರುತ್ತಿದ್ದ ಜೀನ್‌ಸ್ಪ್ರಿಂಗ್ ಜಿಎಕ್ಸ್ ಅನ್ನೋ ಹೆಸರಾಂತ ಸಾಫ್ಟ್‌ವೇರ್ ಇದೇ ವೇದಿಕೆ ಮೇಲೆ ನಿಂತಿತು. ವಿಂಡೋಸ್, ಮ್ಯಾಕ್, ಲಿನಕ್ಸ್, ಮೂರರಲ್ಲೂ ಓಡ್ತಿತ್ತು.

ಇದರ ಪರದೆ ನೋಡಿ. ಓನರ್ ಹತ್ತಿರ ತಗೊಂಡಿದ್ದು ಒಂದು ದೊಡ್ಡ ವಿಂಡೋ. ಅದರ ಒಳಗೆ ತಾನೇ ಸಣ್ಣ ಸಣ್ಣ ವಿಂಡೋ ಮಾಡ್ಕೊಂಡು, ಒಂದರಲ್ಲಿ ಚುಕ್ಕಿಗಳ ನಕ್ಷೆ, ಒಂದರಲ್ಲಿ ಪಟ್ಟಿ, ಇನ್ನೊಂದರಲ್ಲಿ ಬಣ್ಣದ ಚಿತ್ರ. ಒಂದರಲ್ಲಿ ಹತ್ತು ಜೀನ್ ಆರಿಸಿದ್ರೆ ಮಿಕ್ಕ ಎಲ್ಲದರಲ್ಲೂ ಅದೇ ಹತ್ತು ಹೊಳೀತವೆ. ವಿಜ್ಞಾನಿಗೆ ಬೇಕಾಗಿದ್ದೇ ಇದು. ಆ ಹೊಳಪು ಮೂಡಿಸೋ ಕೋಡ್ ಅನ್ನ ವಿಂಡೋಸ್‌ಗೆ ಒಂದು, ಮ್ಯಾಕ್‌ಗೆ ಒಂದು ಅಂತ ಬರೀಬೇಕಾಗಲಿಲ್ಲ. ಮೂವರು ಓನರ್‌ಗಳ ಹತ್ತಿರ ಮಾತಾಡೋ ಕೆಲಸ ಜಾವಾ ಅನ್ನೋ ಬ್ರೋಕರ್‌ದು. ಹೆಬ್ಬಾಳದ ಎಂಜಿನಿಯರ್‌ಗಳು ಜೀನ್‌ಗಳ ಬಗ್ಗೆ ಯೋಚಿಸಬಹುದಿತ್ತು.

ಬಾಡಿಗೆ ಮನೆಯ ಲೆಕ್ಕ ಕೂಡಿಬಂತು. ಮುಂದೆ ಕಂಪನಿ ಜೆನೆಟಿಕ್ ಟೆಸ್ಟಿಂಗ್ ಕಡೆಗೂ ಹೊರಳಿತು. 2021ರಲ್ಲಿ ರಿಲಯನ್ಸ್ ಸಮೂಹ 393 ಕೋಟಿ ರೂಪಾಯಿಗೆ ಅದರ ಬಹುಪಾಲು ಷೇರು ತಗೊಂಡಿತು.

ಹಾಗಾದ್ರೆ ಪಾಠ, "ಸ್ವಂತ ಮನೆ ಕಟ್ಟಬೇಡಿ, ಬಾಡಿಗೆಗಿರಿ" ಅಂತಾನಾ? ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ಕೇಳಿದ್ರೆ ಹೌದು ಅಂತಾರೆ. ನನಗೆ ಅಲ್ಲೇ ಮುಳ್ಳು ಚುಚ್ಚೋದು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಕನ್ನಡ ಇದ್ದಿದ್ದು ಯಾವುದರಲ್ಲಿ? ಸೋತ ಯಂತ್ರದಲ್ಲಿ. ಗೆದ್ದ ಸಾಫ್ಟ್‌ವೇರ್ ಇಂಗ್ಲಿಷ್ ಓದೋ ವಿಜ್ಞಾನಿಗಳಿಗೆ ಮಾಡಿದ್ದು, ತಪ್ಪೇನಿಲ್ಲ. ಆದ್ರೆ ಈ ಎರಡು ಫಲಿತಾಂಶ ನೋಡಿದವನ ತಲೆಯಲ್ಲಿ, ಕನ್ನಡ ಅಂದ್ರೆ ಖರ್ಚು, ಇಂಗ್ಲಿಷ್ ಅಂದ್ರೆ ಆದಾಯ ಅನ್ನೋ ಸಮೀಕರಣ ಕೂತುಬಿಡುತ್ತೆ.

ಆ ಸಮೀಕರಣ 2004ರಲ್ಲಿ ಸ್ವಲ್ಪ ಮಟ್ಟಿಗೆ ನಿಜವಿತ್ತು. ಪರದೆ ಮೇಲೆ ಕನ್ನಡ ಸರಿಯಾಗಿ ಬರಬೇಕಾದ್ರೆ ಒತ್ತಕ್ಷರ ಎಲ್ಲಿ ಕೂರಬೇಕು, ಗುಣಿತ ಹೇಗೆ ಸೇರಬೇಕು ಅನ್ನೋದನ್ನೂ ನೀವೇ ಕಟ್ಟಬೇಕಿತ್ತು. ಅದು ಮನೆ ಕಟ್ಟೋನ ಖರ್ಚು. ಈಗ? 2018ರ ಕೊನೆಗೆ ಗೂಗಲ್‌ನ ಫ್ಲಟರ್ ಮೊದಲ ಪೂರ್ಣ ಆವೃತ್ತಿ ಬಂತು. ಅದು ಓನರ್ ಹತ್ತಿರ ಖಾಲಿ ಜಾಗ ಮಾತ್ರ ತಗೊಂಡು, ಬಟನ್‌ನಿಂದ ಅಕ್ಷರದವರೆಗೆ ಎಲ್ಲ ತಾನೇ ಬರೆಯುತ್ತೆ. ಎಲೆಕ್ಟ್ರಾನ್‌ನಲ್ಲಿ ಮಾಡಿದ ಆ್ಯಪ್ ಒಳಗೆ ಇಡೀ ಕ್ರೋಮ್ ಬ್ರೌಸರ್‌ನ ಎಂಜಿನ್ನೇ ಇರುತ್ತೆ. ಈ ಬ್ರೋಕರ್‌ಗಳಿಗೆಲ್ಲ ಒತ್ತಕ್ಷರ ಗೊತ್ತು. ಓನರ್‌ಗೂ ಗೊತ್ತು, ಹೆಸರಿನ ಪಟ್ಟಿಯಲ್ಲೂ ಕನ್ನಡ ಬರುತ್ತೆ. ಆ್ಯಪ್ ಮಾಡೋರ ಪಾಲಿಗೆ ಉಳಿದಿರೋ ಮುಖ್ಯ ಕೆಲಸ, ಪದಗಳನ್ನ ಕನ್ನಡದಲ್ಲಿ ಬರೆದು ಒಂದು ಕಡತದಲ್ಲಿ ಇಡೋದು, ಆಮೇಲೆ ಪದ ಉದ್ದವಾಗಿ ಬಟನ್ ದಾಟಿ ಹೋಗ್ತಿಲ್ಲ ತಾನೆ ಅಂತ ನೋಡೋದು. ಸ್ಥಿರ ವೆಚ್ಚವನ್ನ ಬೇರೆ ಯಾರೋ ಭರಿಸಿ ಆಗಿದೆ.

ಅಂದ್ರೆ ಜಾಲಹಳ್ಳಿಯ ಆಸೆ, ಹೆಬ್ಬಾಳದ ದಾರಿ, ಇವೆರಡರಲ್ಲಿ ಒಂದನ್ನೇ ಆರಿಸ್ಕೋಬೇಕು ಅನ್ನೋ ಕಾಲ ಮುಗಿದಿದೆ. 'ಧ್ವನಿ' ನೋಡಿ. ಸಿಂಪ್ಯೂಟರ್ ಅಂಗಡಿಯಿಂದ ಮಾಯವಾದ್ರೂ ಅದು ಮುಕ್ತ ತಂತ್ರಾಂಶವಾಗಿ ಉಳೀತು. ಕೇರಳದ ಸಂತೋಷ್ ತೋಟ್ಟಿಂಗಲ್ ಅದನ್ನ ಮುಂದುವರಿಸಿ ಇನ್ನಷ್ಟು ಭಾರತೀಯ ಭಾಷೆಗಳಿಗೆ ವಿಸ್ತರಿಸಿದ್ರು. ಯಂತ್ರಕ್ಕೆ ಅಂಟಿಕೊಂಡಿದ್ದೆಲ್ಲ ಯಂತ್ರದ ಜೊತೆ ಹೋಯ್ತು. ಯಂತ್ರದಿಂದ ಬಿಡಿಸಿ ಇಟ್ಟಿದ್ದು ಬದುಕಿತು.

ಹೆಬ್ಬಾಳದ ಫ್ಲೈಓವರ್ ಕೆಳಗೆ ಟ್ರಾಫಿಕ್‌ನಲ್ಲಿ ನಿಂತು ಇದನ್ನ ಕೇಳ್ತಿರೋರಲ್ಲಿ ಕೆಲವರಾದ್ರೂ ಆ್ಯಪ್ ಬರೆಯೋ ಕೆಲಸಕ್ಕೇ ಹೋಗ್ತಿರ್ತೀರಿ. ನಾಳೆ ಮೀಟಿಂಗಲ್ಲಿ ಯಾರಾದ್ರೂ "ಕನ್ನಡ ಹಾಕೋದು ಕಾಸ್ಟ್ಲಿ" ಅಂದ್ರೆ, ಯಾವ ಖರ್ಚು ಅಂತ ಬಿಡಿಸಿ ಕೇಳಿ. ಚೌಕಟ್ಟಿನದಾ, ಫಾಂಟಿನದಾ, ಇಲ್ಲಾ ಅನುವಾದ ಮಾಡೋ ಒಬ್ಬರ ಸಂಬಳದ್ದಾ? ಮೊದಲೆರಡು ಲೆಕ್ಕ ಮುಗಿದಿದೆ. ಮೂರನೇದು ಎಷ್ಟು ಅಂತ ಅವರೇ ಹೇಳಲಿ.

ಮುಂದಿನ ವಾರ ಸಿಗೋಣ.